ವ್ಯಾಯಾಮದ ಆ್ಯಪಿಗೆ ಇಷ್ಟೊಂದು ಬಾಗಿಲುಗಳೇಕೆ?

ಮೆನು ಎಂಬ ಪದ ನಮ್ಮ ತಲೆಮಾರಿನವರಿಗೆ ಪರಿಚಯವಾದದ್ದು ಹೋಟೆಲುಗಳಿಂದ. ಅದಕ್ಕೂ ಮೊದಲು ಮಾಣಿಯ ಬಾಯಿಯೇ ಮೆನು. ಮೇಜಿನ ಮುಂದೆ ಕುಳಿತೊಡನೆ ಆತ ಬಂದು ಇಡ್ಲಿ, ವಡೆ, ಉಪ್ಪಿಟ್ಟು, ಕೇಸರಿಬಾತು, ಖಾಲಿ ದೋಸೆ, ಮಸಾಲೆ ದೋಸೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದ. ಕಿವಿಗೊಟ್ಟು ಕೇಳಿದವರಿಗೆ ಅದರಲ್ಲೊಂದು ಕ್ರಮ ಕಾಣುತ್ತಿತ್ತು. ಆ ಹೊತ್ತಿಗೆ ಬಿಸಿಯಾಗಿ ಸಿದ್ಧವಿರುವುದು ಮೊದಲು, ಕಾಯಬೇಕಾದದ್ದು ಕೊನೆಗೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಬಂದಾಗ ಈ ಪಟ್ಟಿ ಗೋಡೆಯ ಮೇಲಿನ ಫಲಕಕ್ಕೆ ಏರಿತು. ಚೀಟಿ ಕೊಳ್ಳುವ ಸಾಲಿನಲ್ಲಿ ನಿಂತಿರುವಾಗಲೇ ಓದಿ ಮುಗಿಸಬಹುದಾದಷ್ಟು ಚಿಕ್ಕ ಪಟ್ಟಿ ಅದು. ಹಸಿದು ಬಂದವನನ್ನು ಕಾಯಿಸಬಾರದೆಂಬ ತಿಳಿವಳಿಕೆ ಅದರ ಹಿಂದೆ ಇತ್ತು.

ಈಗ ಆ ಪದ ಮೊಬೈಲಿಗೆ ದಾಟಿದೆ. ತಿಳಿವಳಿಕೆ ಮಾತ್ರ ಹಿಂದೆಯೇ ಉಳಿದಂತಿದೆ. ಎಲ್ಲ ಆ್ಯಪುಗಳ ಮಾತನ್ನೂ ನಾನಿಲ್ಲಿ ಆಡಹೊರಟಿಲ್ಲ. ನಡಿಗೆ, ಓಟ, ಯೋಗ, ನಾಡಿಬಡಿತ ಮುಂತಾದವುಗಳನ್ನು ಲೆಕ್ಕವಿಡುವ ವ್ಯಾಯಾಮದ ಆ್ಯಪುಗಳ ಬಗೆಗಷ್ಟೇ ಬರೆಯುತ್ತಿದ್ದೇನೆ. ಸೀಮೆಸುಣ್ಣ ಹಿಡಿದು ಜೀವನ ಕಳೆದ ಮೇಷ್ಟ್ರಿಗೆ ಈ ಉಸಾಬರಿ ಏಕೆಂದು ನಿಮ್ಮಲ್ಲಿ ಕೆಲವರು ನಗಬಹುದು. ಕಾರಣ ಎರಡು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಇಂಥದ್ದೇ ಕೆಲಸದಲ್ಲಿದ್ದಾನೆ. ದೀಪಾವಳಿಗೆ ಊರಿಗೆ ಬಂದವನು ಮನೆಗೂ ಬಂದು, "ಸರ್, ನಿಮ್ಮಂಥ ಹಿರಿಯರಿಗೆ ಇದರಲ್ಲಿ ಏನು ಕಷ್ಟ ಆಗುತ್ತೆ, ನೇರವಾಗಿ ಹೇಳಿ" ಎಂದು ಕೇಳಿದ. ಅರ್ಧ ಗಂಟೆ ಹೇಳಿದೆ. ಬರೆದು ಕೊಡಿ ಎಂದ. ಇನ್ನೊಂದು ಕಾರಣ ನಮ್ಮ ಅಕ್ಕ.

ಅಕ್ಕನಿಗೆ ಈಗ ಎಪ್ಪತ್ತಾರು. ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಸಕ್ಕರೆ ಕಾಯಿಲೆ ಕಾಣಿಸಿಕೊಂಡಾಗ ವೈದ್ಯರು ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರಿಗೆ ಹೇಳುವುದು ಅದನ್ನೇ: ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ. ಅಕ್ಕ ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ನಡೆಯತೊಡಗಿದಳು. ರಜೆಗೆ ಬಂದಿದ್ದ ಮೊಮ್ಮಗ ಅವಳ ಫೋನಿನಲ್ಲಿ ಒಂದು ಆ್ಯಪನ್ನು ಹಾಕಿ, "ಅಜ್ಜಿ, ಇದು ಎಲ್ಲವನ್ನೂ ಲೆಕ್ಕ ಇಡುತ್ತೆ" ಎಂದು ಹೇಳಿ ವಿಮಾನ ಹತ್ತಿದ.

ಅಕ್ಕನಿಗೆ ಆ ಆ್ಯಪಿನಿಂದ ಬೇಕಾಗಿದ್ದುದು ಮೂರೇ ಸಂಗತಿಗಳು. ನಡಿಗೆ ಶುರುವಾಯಿತೆಂದು ತಿಳಿಸುವುದು ಹೇಗೆ? ಇಂದು ಎಷ್ಟು ನಡೆದೆ? ಈ ವಾರ ಒಟ್ಟು ಎಷ್ಟಾಯಿತು? ಮೂರನೆಯದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ವೈದ್ಯರು ಕೇಳುವುದು ಅದನ್ನೇ.

ಕಳೆದ ವರ್ಷ ನಾನು ಹದಿನೈದು ದಿನ ಅವಳ ಮನೆಯಲ್ಲಿದ್ದಾಗ ಆ ಆ್ಯಪನ್ನು, ಉತ್ತರಪತ್ರಿಕೆ ನೋಡುವ ಹಳೆಯ ಅಭ್ಯಾಸದಿಂದ, ಮೊದಲಿನಿಂದ ಕೊನೆಯವರೆಗೆ ನೋಡಿದೆ. ತೆರೆಯ ಕೆಳಗೆ ಹೆಸರಿಲ್ಲದ ಐದು ಚಿತ್ರಗಳು. ಮೇಲೆ ಎಡಮೂಲೆಯಲ್ಲಿ ಮೂರು ಅಡ್ಡಗೆರೆಗಳು. ಆ ಗೆರೆಗಳನ್ನು ಒತ್ತಿದರೆ ಹತ್ತೊಂಬತ್ತು ಸಾಲುಗಳ ಪಟ್ಟಿ. ಅದರಲ್ಲಿ ಮೊದಲ ಸಾಲು ಚಂದಾದಾರರಾಗಿ ಎಂಬುದು. ಎರಡನೆಯದು ಸವಾಲುಗಳು. ಮೂರನೆಯದು ಸಮುದಾಯ. ಆಮೇಲೆ ಅಂಗಡಿ. ನಡಿಗೆಯ ಲೆಕ್ಕ ಎಲ್ಲಿದೆಯೆಂದು ಹುಡುಕಿದರೆ ಅದು ಹನ್ನೊಂದನೆಯ ಸಾಲಿನಲ್ಲಿ 'ಒಳನೋಟಗಳು' ಎಂಬ ಹೆಸರಿನಲ್ಲಿ ಅಡಗಿತ್ತು. ಅದರ ಒಳಗೆ 'ಪ್ರವೃತ್ತಿಗಳು', ಅದರ ಒಳಗೆ 'ಅವಧಿ'. ಅಲ್ಲಿ ದಿನ, ವಾರ, ತಿಂಗಳು ಎಂದು ಆರಿಸಿದರೆ ಅಕ್ಕನಿಗೆ ಬೇಕಾದ ಒಂದೇ ಒಂದು ಅಂಕಿ. ಒಳನೋಟ ಎಂಬ ಪದವನ್ನು ನಾನು ವಿಮರ್ಶೆಯ ಪುಸ್ತಕಗಳಲ್ಲಿ ಬಹಳ ಗೌರವದಿಂದ ಓದಿದವನು. ವಾರಕ್ಕೆ ಎಷ್ಟು ನಿಮಿಷ ನಡೆದೆವೆಂಬ ಕೂಡಿಕೆಯ ಲೆಕ್ಕಕ್ಕೆ ಆ ಹೆಸರು ಭಾರವಾಯಿತು.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. 'ಆರಂಭಿಸಿ' ಎಂದು ದೊಡ್ಡದಾಗಿ ಬಣ್ಣ ತುಂಬಿದ ಗುಂಡಿಯೊಂದು ತೆರೆಯ ನಡುವೆ ಇತ್ತು. ನಡೆಯಲು ಹೊರಟವರು ಯಾರೇ ಆದರೂ ಅದನ್ನು ಒತ್ತುತ್ತಾರೆ. ಅಕ್ಕ ಒತ್ತಿದ್ದಳು. ಅದು ನಡಿಗೆಯನ್ನು ಆರಂಭಿಸುವ ಗುಂಡಿಯಲ್ಲ. ಏಳು ದಿನಗಳ ಉಚಿತ ಪ್ರಯೋಗವನ್ನು ಆರಂಭಿಸುವ ಗುಂಡಿ. ಎಂಟನೆಯ ದಿನ ವರ್ಷದ ಚಂದಾ ಅವಳ ಖಾತೆಯಿಂದ ಹೋಯಿತು. ಪಿಂಚಣಿಯ ಹಣ. ರದ್ದು ಮಾಡುವ ದಾರಿ ಎಲ್ಲಿದೆಯೆಂದು ಹುಡುಕಿದರೆ ಆ ಹತ್ತೊಂಬತ್ತು ಸಾಲುಗಳಲ್ಲಿ ಅದು ಇರಲಿಲ್ಲ. ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ ಇನ್ನೊಂದಾಯಿತು. ಮಗಳು ಅಳಿಯ ಏನಂದುಕೊಂಡಾರೋ ಎಂಬ ಸಂಕೋಚದಿಂದ ಅಕ್ಕ ಫೋನನ್ನು ಮುಟ್ಟುವುದನ್ನೇ ಬಿಟ್ಟಳು. ಮೂರು ವಾರ ಕೆರೆಯ ಕಡೆಗೂ ಹೋಗಲಿಲ್ಲ. ಆ ಆ್ಯಪಿನ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಅದೊಂದರದೇ ದೋಷವೆಂದು ಉಳಿದವರು ನಿಶ್ಚಿಂತರಾಗುತ್ತಾರೆ.

ಇದು ಕೇವಲ ಅಂದಚಂದದ ವಿಷಯವಲ್ಲ ಎಂಬುದನ್ನು ನಮ್ಮ ಕಾನೂನೂ ಒಪ್ಪಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಬಳಕೆದಾರನನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಲಾಗಿದೆ. ಚಂದಾ ರದ್ದುಪಡಿಸುವ ದಾರಿಯನ್ನು ಮುಚ್ಚಿಡುವುದು ಅವುಗಳಲ್ಲಿ ಒಂದು. ಬೇಕಾದುದನ್ನು ಮಸುಕಾಗಿಸಿ ಬೇಡವಾದುದನ್ನು ಎತ್ತಿ ತೋರಿಸುವುದು ಮತ್ತೊಂದು. ಆದರೆ ಕಾನೂನು ತಡೆಯಬಲ್ಲದ್ದು ಮೋಸವನ್ನು ಮಾತ್ರ. ಅಸ್ಪಷ್ಟತೆಯನ್ನೆಲ್ಲ ತಡೆಯುವ ಕಾನೂನು ನಮ್ಮಲ್ಲಿಲ್ಲ. ಇದ್ದಿದ್ದರೆ ನಮ್ಮ ಎಷ್ಟೋ ಪಠ್ಯಪುಸ್ತಕಗಳು ಕಟಕಟೆ ಹತ್ತಬೇಕಾಗುತ್ತಿತ್ತು.

ಹಾಗಾದರೆ ಸರಳ ಮೆನು ಎಂದರೇನು? ಸಾಲುಗಳನ್ನು ಕಡಿಮೆ ಮಾಡುವುದೇ ಸರಳತೆ ಎಂದು ಹಲವರು ತಿಳಿದಿದ್ದಾರೆ. ನನ್ನ ಶಿಷ್ಯನೂ ಅದನ್ನೇ ಹೇಳಿದ: ಏಳಕ್ಕಿಂತ ಹೆಚ್ಚು ಇರಬಾರದಂತೆ ಸರ್, ಮನುಷ್ಯನ ಮನಸ್ಸು ಹಿಡಿಯುವುದು ಅಷ್ಟನ್ನೇ ಅಂತೆ. ಈ ಏಳರ ಮೂಲ ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಪ್ರಕಟಿಸಿದ ಪ್ರಬಂಧ. ಅದರಲ್ಲಿ ಆತ ಹೇಳಿದ್ದು, ಒಮ್ಮೆ ಕೇಳಿದ್ದನ್ನು ಕ್ಷಣಕಾಲ ನೆನಪಿನಲ್ಲಿ ಇಟ್ಟುಕೊಳ್ಳುವ ಶಕ್ತಿಯ ಬಗ್ಗೆ. ಮೆನು ಕಣ್ಣೆದುರಿಗೇ ಇರುವ ವಸ್ತು, ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಕಿಟ್ಟೆಲರ 1894ರ ನಿಘಂಟಿನಲ್ಲಿ ಹತ್ತಾರು ಸಾವಿರ ಪದಗಳಿವೆ. ಅಕ್ಷರಮಾಲೆ ಬಲ್ಲ ಹುಡುಗ ಅದರಲ್ಲಿ ಕಳೆದುಹೋಗುವುದಿಲ್ಲ. ಕ್ರಮ ಗೊತ್ತಿದ್ದರೆ ಸಂಖ್ಯೆ ಹೆದರಿಸುವುದಿಲ್ಲ. ಕ್ರಮ ಗೊತ್ತಿಲ್ಲದಿದ್ದರೆ ಐದು ಚಿತ್ರಗಳೂ ಕಾಡೇ.

ವ್ಯಾಯಾಮದ ಆ್ಯಪಿನಲ್ಲಿ ಕ್ರಮ ಕೆಡುವುದೇಕೆ ಎಂಬುದನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಆ ಹತ್ತೊಂಬತ್ತು ಸಾಲುಗಳು ಬಳಕೆದಾರನ ದಿನಚರಿಯ ಪಟ್ಟಿಯಲ್ಲ. ಕಂಪನಿಯ ವಿಭಾಗಗಳ ಪಟ್ಟಿ. ಚಂದಾ ವಿಭಾಗ ತನ್ನ ಸಾಲನ್ನು ಮೇಲಿಡಲು ಕೇಳುತ್ತದೆ, ಮಾರಾಟ ವಿಭಾಗ ಅಂಗಡಿಗೊಂದು ಜಾಗ ಕೇಳುತ್ತದೆ, ಹೊಸದಾಗಿ ಸೇರಿದ ತಂಡ ತಾನು ಮಾಡಿದ್ದು ಎಲ್ಲರ ಕಣ್ಣಿಗೆ ಬೀಳಲೆಂದು ಬಯಸುತ್ತದೆ. ಶಾಲೆಯ ವಾರ್ಷಿಕೋತ್ಸವದ ಆಹ್ವಾನಪತ್ರಿಕೆ ಅಚ್ಚು ಹಾಕಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಯಾರ ಹೆಸರನ್ನೂ ಬಿಡುವಂತಿಲ್ಲ, ಯಾರ ಹೆಸರನ್ನೂ ಕೆಳಗೆ ಹಾಕುವಂತಿಲ್ಲ. ಕಡೆಗೆ ನಾಟಕ ಎಷ್ಟು ಗಂಟೆಗೆಂಬುದೇ ಕಾಣುವುದಿಲ್ಲ.

ಎಲ್ಲರನ್ನೂ ಸಮಾಧಾನಪಡಿಸಲಾಗದೆ ಹೋದಾಗ ಉಳಿದದ್ದನ್ನೆಲ್ಲ ಆ ಮೂರು ಅಡ್ಡಗೆರೆಗಳ ಹಿಂದೆ ತುಂಬುತ್ತಾರೆ. ಆ ಚಿಹ್ನೆಯ ವಯಸ್ಸು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಜೆರಾಕ್ಸ್ ಕಂಪನಿಯ ಸ್ಟಾರ್ ಎಂಬ ಗಣಕಯಂತ್ರಕ್ಕಾಗಿ ನಾರ್ಮ್ ಕಾಕ್ಸ್ ಅದನ್ನು ರಚಿಸಿದ್ದು. ಯಂತ್ರ ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ಗೆರೆಗಳು ಪಟ್ಟಿಯನ್ನು ಸೂಚಿಸುತ್ತವೆ ಎಂಬುದು ಅವರ ಆಲೋಚನೆ. ಸೊಗಸಾದ ಆಲೋಚನೆಯೇ, ಆದರೆ ಒಳಗೆ ಏನಿದೆಯೆಂದು ಅದು ಹೇಳುವುದಿಲ್ಲ. ಮೆನುವನ್ನು ಹೀಗೆ ಚಿಹ್ನೆಯ ಹಿಂದೆ ಬಚ್ಚಿಟ್ಟರೆ ಜನ ಬೇಕಾದುದನ್ನು ಕಂಡುಕೊಳ್ಳುವುದು ಬಹಳ ಕಡಿಮೆಯಾಗುತ್ತದೆಂದು ಅಮೆರಿಕದ ನೀಲ್ಸನ್ ನಾರ್ಮನ್ ಗ್ರೂಪ್ 2016ರಲ್ಲೇ ಪರೀಕ್ಷಿಸಿ ಬರೆದಿತ್ತು. ದಿನವೂ ಬೇಕಾಗುವ ಮೂರು ನಾಲ್ಕು ಸಂಗತಿಗಳು ಹೆಸರಿನ ಸಮೇತ ತೆರೆಯ ಮೇಲೆಯೇ ಇರಲಿ. ವರ್ಷಕ್ಕೊಮ್ಮೆ ಬೇಕಾಗುವವು ಬೇಕಾದರೆ ಗೆರೆಗಳ ಹಿಂದೆ ಇರಲಿ, ಯಾರ ತಕರಾರೂ ಇಲ್ಲ.

ಸರಳಗೊಳಿಸಲು ಹೊರಟವರೂ ಎಡವುವುದುಂಟು. ಗೂಗಲ್ ಸಂಸ್ಥೆಯ ಫಿಟ್ ಎಂಬ ಆ್ಯಪಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 2018ರಲ್ಲಿ ಅದನ್ನು ಹೊಸದಾಗಿ ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ಹೃದಯ ಸಂಘದ ಸಲಹೆ ಪಡೆದು, ತೆರೆಯ ನಡುವೆ ಎರಡೇ ಎರಡು ಬಳೆಗಳನ್ನು ಇಟ್ಟರು: ಚಲನೆಯ ನಿಮಿಷಗಳು, ಹೃದಯದ ಅಂಕಗಳು. ಚುರುಕಾದ ನಡಿಗೆಯ ಪ್ರತಿ ನಿಮಿಷಕ್ಕೆ ಒಂದು ಅಂಕ, ಓಟದಂಥ ಬಿರುಸಾದ ಶ್ರಮಕ್ಕೆ ಎರಡು. ವಿಜ್ಞಾನದ ದೃಷ್ಟಿಯಿಂದ ಇದು ಹೆಜ್ಜೆಗಳ ಲೆಕ್ಕಕ್ಕಿಂತ ಉತ್ತಮ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಯಾದರೂ ಬಂದದ್ದು ವೈದ್ಯಶಾಸ್ತ್ರದಿಂದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು 'ಮಾನ್ಪೋ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂಬ ಹೆಸರಿನಲ್ಲಿ ಮಾರಿದ ಪುಟ್ಟ ಯಂತ್ರದಿಂದ ಬಂದದ್ದು. ಅಷ್ಟಾದರೂ ಏನಾಯಿತು? ಜನ ಹೆಜ್ಜೆಯನ್ನೇ ಕೇಳಿದರು. 2020ರಲ್ಲಿ ಗೂಗಲ್ ಚಲನೆಯ ನಿಮಿಷಗಳನ್ನು ಹಿಂದಕ್ಕೆ ಸರಿಸಿ, ಹೆಜ್ಜೆಗಳನ್ನು ಮತ್ತೆ ಬಳೆಯೊಳಗೆ ತಂದಿತು. ನನಗೆ ಇದರಲ್ಲಿ ಸೋಲು ಕಾಣುವುದಿಲ್ಲ. ತಜ್ಞರ ಅಳತೆ ಸರಿಯಾದದ್ದೇ, ಆದರೆ ಮನುಷ್ಯ ತನ್ನ ಕಾಲನ್ನು ನೋಡಿಕೊಂಡು ಎಣಿಸಬಲ್ಲದ್ದು ಹೆಜ್ಜೆಯನ್ನು. ಕಿಲೋಮೀಟರನ್ನು ಕಲಿಸುವ ಮೊದಲು ನಾವು ಹುಡುಗರಿಗೆ ಮೊಳ, ಗೇಣುಗಳಿಂದಲೇ ಬೆಂಚು ಅಳೆಯಲು ಹೇಳುತ್ತಿರಲಿಲ್ಲವೇ? ಪರಿಚಿತವಾದುದನ್ನು ಮುಂದಿಟ್ಟು, ಉತ್ತಮವಾದುದನ್ನು ಅದರ ಪಕ್ಕದಲ್ಲಿಡುವುದೇ ಸರಿಯಾದ ಬೋಧನೆ.

ಇನ್ನು ಭಾಷೆಯ ವಿಷಯ. ಇಲ್ಲಿ ನನ್ನ ದನಿ ಸ್ವಲ್ಪ ಏರಿದರೆ ಕ್ಷಮೆಯಿರಲಿ. ಕೇಂದ್ರ ಸರ್ಕಾರ 2021ರ ಆಗಸ್ಟ್ 29ರಂದು ಫಿಟ್ ಇಂಡಿಯಾ ಆ್ಯಪನ್ನು ಬಿಡುಗಡೆ ಮಾಡಿದಾಗ ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬಂತು. ಖಾಸಗಿಯವರಲ್ಲಿ ಕೆಲವರು ಕನ್ನಡ ಕೊಟ್ಟಿದ್ದಾರೆ, ಸಂತೋಷ. ಆದರೆ ಎಂಥ ಕನ್ನಡ? ಒಂದು ಆ್ಯಪಿನಲ್ಲಿ 'ಹಿಂದಕ್ಕೆ' ಎಂಬ ಸಾಲನ್ನು ಒತ್ತಿದೆ, ಹಿಂದಿನ ಪುಟಕ್ಕೆ ಹೋಗೋಣವೆಂದು. ಕಟ್ಟುಮಸ್ತಾದ ತರುಣನೊಬ್ಬ ಕಬ್ಬಿಣದ ಸರಳನ್ನು ಎತ್ತುತ್ತಿರುವ ಚಿತ್ರ ಬಂತು. ಐದು ನಿಮಿಷ ಯೋಚಿಸಿದ ಮೇಲೆ ಹೊಳೆಯಿತು: ಇಂಗ್ಲಿಷಿನ ಬ್ಯಾಕ್ ಎಂಬ ಪದಕ್ಕೆ ಬೆನ್ನು ಎಂದೂ ಹಿಂದಕ್ಕೆ ಎಂದೂ ಅರ್ಥವಿದೆ, ಅದು ಬೆನ್ನಿನ ವ್ಯಾಯಾಮಗಳ ವಿಭಾಗ! ನನ್ನ ಶಿಷ್ಯನನ್ನು ಕೇಳಿದಾಗ ಕಾರಣ ತಿಳಿಯಿತು. ಅನುವಾದಕನಿಗೆ ಕೊಡುವುದು ಬಿಡಿ ಪದಗಳ ಪಟ್ಟಿಯನ್ನಂತೆ. ಆ ಪದ ಯಾವ ತೆರೆಯಲ್ಲಿ, ಯಾವ ಚಿತ್ರದ ಕೆಳಗೆ ಬರುತ್ತದೆಂದು ಆತನಿಗೆ ಅನೇಕ ವೇಳೆ ತೋರಿಸುವುದೇ ಇಲ್ಲವಂತೆ. ವಾಕ್ಯವಿಲ್ಲದೆ ಪದಕ್ಕೆ ಅರ್ಥ ಬರೆ ಎಂದರೆ ನಾನು ಎಂಟನೆಯ ತರಗತಿಯ ಹುಡುಗನಿಗೂ ಅಂಕ ಕಳೆಯುತ್ತಿರಲಿಲ್ಲ.

ಮತ್ತೊಂದು ಅತಿರೇಕವೂ ಇದೆ. ಕನ್ನಡ ಮೇಷ್ಟ್ರಾಗಿ ಇದನ್ನು ಹೇಳಲು ನನಗೆ ಕಷ್ಟವೇ. ಎಲ್ಲವನ್ನೂ ಸಂಸ್ಕೃತದ ಸಮಾಸಗಳಿಗೆ ಇಳಿಸಿ 'ಹೃದಯಸ್ಪಂದನ ದರ', 'ಶಕ್ತಿವ್ಯಯ', 'ಚಟುವಟಿಕಾ ಸಂಯೋಜನೆ' ಎಂದೆಲ್ಲ ಬರೆದರೆ ಕನ್ನಡಾಭಿಮಾನ ತೃಪ್ತಿಗೊಳ್ಳಬಹುದು, ಅಕ್ಕನಿಗೆ ಪ್ರಯೋಜನವಿಲ್ಲ. ನಾಡಿಬಡಿತ ಎಂದರೆ ಆಯಿತು. ಕ್ಯಾಲೊರಿ ಎಂಬುದನ್ನು ಕ್ಯಾಲೊರಿ ಎಂದೇ ಬಿಡಬಹುದು, ಆ ಪದ ಬಿಸ್ಕತ್ತಿನ ಪೊಟ್ಟಣದ ಮೇಲೂ ಇದೆ. 'ನಡಿಗೆ ಶುರು', 'ಇಂದು', 'ಈ ವಾರ', 'ನನ್ನ ವಿವರ' ಎಂಬ ನಾಲ್ಕು ಹೆಸರುಗಳು ಸಾಕು. ಇವುಗಳ ಅರ್ಥವನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಕನ್ನಡದ ಅಕ್ಷರಕ್ಕೆ ಇಂಗ್ಲಿಷಿಗಿಂತ ಹೆಚ್ಚು ಎತ್ತರ ಬೇಕು; ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಪದಗಳೂ ಉದ್ದ. ಇಂಗ್ಲಿಷಿಗೆಂದು ಕೊರೆದ ಗುಂಡಿಯಲ್ಲಿ ಕನ್ನಡವನ್ನು ತುರುಕಿದರೆ ಒತ್ತು ಕತ್ತರಿಸಿಹೋಗುತ್ತದೆ, ಇಲ್ಲವೇ ಪದದ ಬಾಲ ಮೂರು ಚುಕ್ಕೆಗಳಾಗುತ್ತದೆ. ಎಲ್ಲಕ್ಕಿಂತ ಉದ್ದವಾದ ಪದವನ್ನು ಮೊದಲು ಬರೆದುಕೊಂಡು ಆಮೇಲೆ ಗುಂಡಿಯ ಅಳತೆ ನಿರ್ಧರಿಸುವುದು ಕಷ್ಟದ ಕೆಲಸವಲ್ಲ. ಬೋರ್ಡ್ ಬರೆಯುವ ಪೇಂಟರುಗಳು ಮೊದಲಿನಿಂದಲೂ ಮಾಡುತ್ತ ಬಂದದ್ದು ಅದನ್ನೇ. ಹಾಗೆಯೇ ನಡಿಗೆ ಮುಗಿದೊಡನೆ 'ಉಳಿಸಿ', 'ಅಳಿಸಿ' ಎಂಬ ಎರಡು ಗುಂಡಿಗಳನ್ನು ಒಂದರ ಪಕ್ಕ ಒಂದು, ಒಂದೇ ಗಾತ್ರದಲ್ಲಿ ಇಡುವ ಪದ್ಧತಿಯೊಂದಿದೆ. ಬೆವರಿದ ಬೆರಳು, ಬಿಸಿಲಿನಲ್ಲಿ ಮಸುಕಾದ ತೆರೆ, ಕನ್ನಡಕ ಮನೆಯಲ್ಲಿ. ಒಂದೇ ಅಕ್ಷರದ ವ್ಯತ್ಯಾಸದಲ್ಲಿ ಅರ್ಧ ಗಂಟೆಯ ನಡಿಗೆ ಮಾಯ. ತಾನಾಗಿಯೇ ಉಳಿಸಿಕೊಂಡು, ಅಳಿಸುವುದನ್ನು ಒಳಗಿಟ್ಟರೆ ಯಾರಿಗೇನು ನಷ್ಟ?

ಇದಕ್ಕೆಲ್ಲ ನನ್ನ ಶಿಷ್ಯ ಕೊಟ್ಟ ಉತ್ತರವನ್ನೂ ದಾಖಲಿಸಬೇಕು. "ಸರ್, ಓಡುವವರಿಗೆ ಒಂದು ಬೇಕು, ಸೈಕಲ್ ಹೊಡೆಯುವವರಿಗೆ ಇನ್ನೊಂದು. ಯಾವುದನ್ನು ತೆಗೆದರೂ ಬೈಯುವವರು ಇದ್ದೇ ಇರ್ತಾರೆ" ಎಂದ. ಮಾತು ನಿಜ. ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಮೊದಲ ದಿನವೇ 'ನೀವು ಮುಖ್ಯವಾಗಿ ಏನು ಮಾಡುವಿರಿ?' ಎಂದು ಒಂದು ಪ್ರಶ್ನೆ ಕೇಳಿ, ನಡೆಯುವವರಿಗೆ ನಡಿಗೆಯನ್ನೂ ಓಡುವವರಿಗೆ ಓಟವನ್ನೂ ಮುಂದಿಡಬಹುದು. ಆದರೆ ಒಮ್ಮೆ ಇಟ್ಟ ಮೇಲೆ ಅದನ್ನು ಕದಲಿಸಬಾರದು. ಹಿರಿಯರು ಮೆನುವನ್ನು ಓದಿ ಬಳಸುವುದಿಲ್ಲ, ಜಾಗ ನೆನಪಿಟ್ಟುಕೊಂಡು ಬಳಸುತ್ತಾರೆ. ಕತ್ತಲಲ್ಲಿ ಸ್ವಿಚ್ಚು ಹುಡುಕುವ ಹಾಗೆ. ನಮ್ಮ ಶಾಲೆಗೆ ಮೊದಲ ಗಣಕಯಂತ್ರಗಳು ಬಂದಾಗ ಅವುಗಳಲ್ಲಿ ಮೈಕ್ರೋಸಾಫ್ಟಿನ ಆಫೀಸ್ 2000 ಇತ್ತು. ನಾವು ಹೆಚ್ಚು ಬಳಸದ ಸಾಲುಗಳನ್ನು ಅದು ತಾನಾಗಿಯೇ ಬಚ್ಚಿಡುತ್ತಿತ್ತು, ನಮಗೆ ಅನುಕೂಲವಾಗಲೆಂದು. ನಿನ್ನೆ ಇದ್ದ ಸಾಲು ಇಂದಿಲ್ಲ ಎಂದು ಗುಮಾಸ್ತರು ದಿನವೂ ಗೊಣಗುತ್ತಿದ್ದರು. 2007ರ ಆವೃತ್ತಿಯಲ್ಲಿ ಆ ಕಂಪನಿ ಹಳೆಯ ಮೆನುಗಳನ್ನೇ ಬಿಟ್ಟು ಬೇರೆ ವ್ಯವಸ್ಥೆಗೆ ಹೋಯಿತು. ಅದನ್ನು ಕಲಿಯಲು ಗುಮಾಸ್ತರಿಗೆ ಇನ್ನೊಂದು ವರ್ಷ ಬೇಕಾಯಿತು, ಅದು ಬೇರೆ ಮಾತು. ಆದುದರಿಂದ, ಸರಳಗೊಳಿಸುವ ನೆಪದಲ್ಲಿ ಆರು ತಿಂಗಳಿಗೊಮ್ಮೆ ಮನೆಯ ಸಾಮಾನನ್ನೆಲ್ಲ ತಿರುಗಿಸಿಡುವವರನ್ನು ಕಂಡರೆ ನನಗೆ ಭಯ. ಒಂದು ಸಲ ಚೆನ್ನಾಗಿ ಜೋಡಿಸಿ, ಆಮೇಲೆ ಬಿಟ್ಟುಬಿಡುವುದು ಲೇಸು.

ಮುಚ್ಚಿಹೋದ ಒಂದು ಸಾಲಿನ ಬೆಲೆ ಎಷ್ಟಿರಬಹುದೆಂಬುದಕ್ಕೆ ಇನ್ನೊಂದು ಉದಾಹರಣೆ. ಮೇಲೆ ಹೇಳಿದ 2020ರ ಮಾರ್ಗಸೂಚಿಯಲ್ಲೇ ಅರವತ್ತೈದು ದಾಟಿದವರಿಗೆ ವಿಶೇಷ ಸೂಚನೆಯೊಂದಿದೆ: ವಾರಕ್ಕೆ ಮೂರು ಅಥವಾ ಹೆಚ್ಚು ದಿನ ದೇಹದ ಸಮತೋಲ ಮತ್ತು ಬಲವನ್ನು ಹೆಚ್ಚಿಸುವ ವ್ಯಾಯಾಮ ಮಾಡಬೇಕು, ಬೀಳುವುದನ್ನು ತಪ್ಪಿಸಲು. ಈ ವಯಸ್ಸಿನಲ್ಲಿ ಬಚ್ಚಲಲ್ಲಿ ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂದು ನಮ್ಮ ಬಂಧುಗಳಿಗೆ ಹೇಳಬೇಕಾಗಿಲ್ಲ. ನಮ್ಮ ಮನೆತನದಲ್ಲೇ ಎರಡು ಸಲ ನೋಡಿದ್ದೇವೆ. ಅಕ್ಕನ ಆ್ಯಪಿನಲ್ಲಿ ಅಂಥ ವ್ಯಾಯಾಮಗಳು ಇದ್ದವು, ಸೊಗಸಾದ ಚಿತ್ರಗಳೊಡನೆ, ಉಚಿತವಾಗಿಯೇ. 'ಅನ್ವೇಷಿಸಿ' ಎಂಬುದರೊಳಗೆ 'ಸಂಗ್ರಹಗಳು', ಅದರೊಳಗೆ 'ಫ್ಲೋ' ಎಂಬ ಕಡೆ. ಹದಿನಾಲ್ಕು ತಿಂಗಳು ಅವಳ ಕೈಯಲ್ಲೇ ಇದ್ದರೂ ಅವಳು ಅದನ್ನು ಒಮ್ಮೆಯೂ ಕಂಡಿರಲಿಲ್ಲ. ಮೊದಲ ತೆರೆಯಲ್ಲಿ 'ಬೀಳದಂತೆ ವ್ಯಾಯಾಮ' ಎಂದು ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಶಿಷ್ಯನಿಗೆ ನಾನು ಕೊನೆಗೆ ಹೇಳಿದ್ದು ಪರೀಕ್ಷೆಯ ವಿಷಯ. ತರಗತಿಯಲ್ಲಿ ಒಬ್ಬ ಹುಡುಗ ಪ್ರಶ್ನೆಯನ್ನು ತಪ್ಪಾಗಿ ಅರ್ಥಮಾಡಿಕೊಂಡರೆ ಅವನನ್ನು ಕರೆದು ತಿದ್ದುತ್ತೇವೆ. ನಲವತ್ತು ಜನರಲ್ಲಿ ಮೂವತ್ತು ಜನ ಒಂದೇ ರೀತಿ ತಪ್ಪಿದರೆ ಪ್ರಶ್ನೆಪತ್ರಿಕೆಯನ್ನೇ ತಿದ್ದಬೇಕಾಗುತ್ತದೆ. ನಿಮ್ಮ ಆ್ಯಪನ್ನು ಐದಾರು ಜನ ಹಿರಿಯರ ಕೈಗೆ ಕೊಟ್ಟು, ಪಕ್ಕದಲ್ಲಿ ಕುಳಿತು, ಈ ವಾರ ಎಷ್ಟು ನಡೆದಿರಿ ಹುಡುಕಿ ಹೇಳಿ ಎಂದು ಕೇಳಿ. ಬೆರಳು ಎಲ್ಲಿ ತಡೆಯುತ್ತದೆಂದು ಬರೆದುಕೊಳ್ಳಿ. ಬಾಯಿ ಮಾತ್ರ ಬಿಡಬೇಡಿ, ಇಲ್ಲಿ ಒತ್ತಿ ಎಂದು ತೋರಿಸಲೂ ಬೇಡಿ. ಪರೀಕ್ಷಾ ಕೊಠಡಿಯಲ್ಲಿ ನಿಂತ ಮೇಷ್ಟ್ರಿಗೆ ಇದಕ್ಕಿಂತ ಕಷ್ಟದ ವ್ರತ ಬೇರೆಯಿಲ್ಲ, ಆದರೆ ಅಲ್ಲಿ ತಿಳಿಯುವಷ್ಟು ಮತ್ತೆಲ್ಲೂ ತಿಳಿಯುವುದಿಲ್ಲ.

ಅವನು ಹೋಗುವಾಗ, ತಮ್ಮ ಆ್ಯಪಿನ ಕನ್ನಡ ಪದಗಳ ಪಟ್ಟಿಯನ್ನು ಕಳುಹಿಸುತ್ತೇನೆಂದು ಹೇಳಿದ್ದಾನೆ. ಪ್ರತಿ ಪದದ ಜೊತೆಗೆ ಅದು ಬರುವ ತೆರೆಯ ಚಿತ್ರವೂ ಇರಬೇಕೆಂದು ನಾನು ಷರತ್ತು ಹಾಕಿದ್ದೇನೆ. ನಿಮ್ಮಲ್ಲಿ ಇನ್ನಾರಾದರೂ ಇಂಥ ಕೆಲಸದಲ್ಲಿದ್ದರೆ ನೀವೂ ಕಳುಹಿಸಿ. ಅಕ್ಕನಿಗೆ ಓದಿ ಹೇಳಿ, ಅವಳಿಗೆ ತಿಳಿಯದ ಪದಗಳ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ವಾಪಸು ಮಾಡುತ್ತೇನೆ. ಸಂಭಾವನೆ ಬೇಡ. ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟ ಕೆಂಪು ಪೆನ್ನುಗಳ ಪೆಟ್ಟಿಗೆ ಇನ್ನೂ ಅರ್ಧ ತುಂಬಿಯೇ ಇದೆ.